ಗೋಡೆಗೆ ಟಕ್, ಬಾಗಿಲಿಗೆ ಕಿರ್ರ್

ರಿಪೇರಿ ಅವಳನ್ನು ಒಂದು ಸಲವೂ ನೇರವಾಗಿ ನೋಡಿದವನಲ್ಲ.

ಉಳಿದವರೊಡನೆ ಮುಖಕ್ಕೆ ಮುಖ ಕೊಟ್ಟೇ ಮಾತಾಡುತ್ತಿದ್ದ. ಅವಳು ಬಂದರೆ ಮಾತ್ರ ಅವನ ಮುಖ ಕಿಟಕಿಯ ಕಡೆ ತಿರುಗುತ್ತಿತ್ತು. ಗದ್ದ ತುಸು ಮೇಲೆದ್ದು, ರೆಪ್ಪೆ ಅರ್ಧ ಇಳಿದು, ಕಣ್ಣಿನ ಮೂಲೆಯಿಂದ ನೋಟವೊಂದು ಜಾರಿಬಂದು ಅವಳ ಹಣೆಯಿಂದ ತುಟಿಯ ತನಕ ನಿಧಾನವಾಗಿ ಇಳಿಯುತ್ತಿತ್ತು. ಐದು ವರ್ಷದಿಂದ ಇದೇ ಓರೆನೋಟ. ಅದರ ಮೇಲೆ ಅವಳು ಒಂದು ಮನೆಯನ್ನೇ ಕಟ್ಟಿಕೊಂಡಿದ್ದಳು. ಕಟ್ಟುವುದೇ ಅವಳ ಕಸುಬು.

ಚಪ್ಪಲಿ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ ಎಂಟು ಜನರ ಕಂಪನಿ. ಪಾಳುಬಿದ್ದ ಕೋಟೆಯೊಳಗೆ ದಾರಿ ಹುಡುಕುತ್ತಾ ಹೋಗುವ ಒಂದು ಕಂಪ್ಯೂಟರ್ ಗೇಮ್ ಮಾಡುತ್ತಿದ್ದರು. ಕೋಟೆಯ ಒಂದೊಂದು ಭಾಗವೂ ಒಂದೊಂದು ಲೆವೆಲ್. ಅವುಗಳಿಗೆ ಗೋಡೆ ಎಬ್ಬಿಸಿ, ಬಾಗಿಲು ಇಟ್ಟು, ದೀಪ ಹಚ್ಚುವವಳು ಅವಳು. ಅದಕ್ಕೇ ಆಫೀಸಿನಲ್ಲಿ ಅವಳಿಗೆ ಮೇಸ್ತ್ರಿ ಎಂದೇ ಹೆಸರು. ಹಾಗೆ ಕಟ್ಟಲು ಬೇಕಾದ ಎಡಿಟರ್ ಎಂಬ ತಂತ್ರಾಂಶವನ್ನು ಬರೆದವನು, ಅದು ಮುನಿಸಿಕೊಂಡಾಗ ಸರಿ ಮಾಡುವವನು ಅವನು, ಹಾಗಾಗಿ ಅವನ ಹೆಸರು ರಿಪೇರಿ.

ಅವನ ಎಡಿಟರ್ ಸದ್ದು ಮಾಡುತ್ತಿತ್ತು. ಗೋಡೆ ಇಟ್ಟರೆ ಟಕ್. ಬಾಗಿಲಿಟ್ಟರೆ ಕಿರ್ರ್. ದೀಪಕ್ಕೆ ಟಿಣ್. ಕತ್ತರಿಸಿದರೆ ಚಕ್. ಸೇವ್ ಮಾಡಿದರೆ ಪಾತ್ರೆಗೆ ಮುಚ್ಚಳ ಮುಚ್ಚಿದಂಥ ಸದ್ದು. ಹೊಸದರಲ್ಲಿ ಎಲ್ಲರೂ ನಕ್ಕು, ಆಮೇಲೆ ತಂತಮ್ಮ ಕಂಪ್ಯೂಟರಿನಲ್ಲಿ ಸದ್ದು ಅಡಗಿಸಿಬಿಟ್ಟಿದ್ದರು. ಅವನ ಮೇಜಿನಿಂದ ಮಾತ್ರ ದಿನವಿಡೀ ಟಕ್, ಕಿರ್ರ್ ಕೇಳುತ್ತಿತ್ತು. ಅವನ ಪರದೆಯ ಅಕ್ಷರಗಳೋ, ಅಂಗಡಿಯ ಬೋರ್ಡಿನಷ್ಟು ದೊಡ್ಡವು. ಕೇಳಿದರೆ, "ವಯಸ್ಸಾಯ್ತಲ್ಲ ಮೇಸ್ತ್ರಿ," ಎನ್ನುತ್ತಿದ್ದ. ಅವನಿಗೆ ಮೂವತ್ತೆಂಟು.

ಒಂದು ಸೋಮವಾರ ಬಂದು ನೋಡಿದರೆ ಎಲ್ಲ ಕಂಪ್ಯೂಟರ್‌ಗಳೂ ತಾವೇ ಅಪ್‌ಡೇಟ್ ಆಗಿ ಕೂತಿದ್ದವು. ಕೇಳಲಿಲ್ಲ, ಹೇಳಲಿಲ್ಲ. ಎಡಿಟರ್ ತೆರೆದರೆ ಬೂದಿ ಬಣ್ಣದ ಖಾಲಿ ಚೌಕ. ಗೇಮ್ ಒಪ್ಪಿಸಲು ಉಳಿದದ್ದು ಆರು ವಾರ.

ಮೂರು ದಿನ ತಲೆ ಎತ್ತದೆ ಕೂತು ರಿಪೇರಿ ಅದಕ್ಕೆ ಜೀವ ಬರಿಸಿದ. ಬಂದದ್ದು ಅರ್ಧ ಜೀವ. ಹೊಸ ವ್ಯವಸ್ಥೆ ಹಳೆಯದೆಷ್ಟನ್ನೋ ಕಿತ್ತುಹಾಕಿತ್ತು. ನಲವತ್ತು ಲೆವೆಲ್‌ಗಳಲ್ಲೂ ಗೋಡೆಗಳು ಜರುಗಿದ್ದವು. ಕೆಟ್ಟದ್ದರ ಪಟ್ಟಿ ಮಾಡಿದರೆ ಮೂವತ್ತೊಂದು ಬಾಬತ್ತು.

ಕಂಪನಿ ನಡೆಸುವ ಮೇಡಂ ಪಟ್ಟಿಯನ್ನು ಅವಳ ಕೈಗೆ ಕೊಟ್ಟರು. "ಎಲ್ಲ ಆಗೋ ಮಾತಲ್ಲ. ಯಾವುದು ಬೇಕು, ಯಾವುದು ಬೇಡ, ನೀನೇ ಗುರುತು ಹಾಕಮ್ಮ. ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಯಾರೂ ಒಂದು ಗಂಟೆನೂ ಹಾಕಕೂಡದು."

ಮೂವತ್ತೊಂದನೆಯದು: ಸದ್ದು ಬರುತ್ತಿಲ್ಲ, ಸರಿಮಾಡಲು ಐದು ದಿನ. ಅವಳು ಅದರ ಮೇಲೆ ಗೆರೆ ಎಳೆದಳು.

ರಿಪೇರಿ ಹಾಳೆಯನ್ನು ಕಿವಿಯ ಹತ್ತಿರ ಹಿಡಿದು, ಮುಖ ಓರೆ ಮಾಡಿ ನೋಡಿದ. "ಸದ್ದು ಬೇಡ್ವಾ?"

"ಆಟದ ಸಾಮಾನಿನ ಹಾಗೆ ಕಿರ್ರ್ ಅನ್ನೋದು ಯಾರಿಗೆ ಬೇಕು ಹೇಳಿ? ಗೋಡೆ ನಿಂತ್ರೆ ಸಾಕು."

ಅವನು ಕಿಟಕಿಯ ಕಡೆ ತಿರುಗಿ ನಕ್ಕ. ಓರೆನೋಟ ಅವಳ ಕೆನ್ನೆಯ ಮೇಲೆ ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. "ಮೇಸ್ತ್ರಿ ಹೇಳಿದ ಮೇಲೆ ಮುಗೀತು."

ಅವಳು ಆ ದಿನವೆಲ್ಲ ಹಗುರವಾಗಿದ್ದಳು.

ಲೆವೆಲ್‌ಗಳನ್ನು ಇಬ್ಬರೂ ಹಂಚಿಕೊಂಡರು, ತಲಾ ಇಪ್ಪತ್ತು. ಎರಡು ವಾರದಲ್ಲಿ ಅವಳದು ಹನ್ನೆರಡು ಮುಗಿದವು. ಅವನದು ಐದು, ಆ ಐದೂ ಸೋರುತ್ತಿದ್ದವು. ಗೋಡೆಗಳ ನಡುವೆ ಎಲ್ಲೋ ಒಂದು ಸಂದು ಬಿಟ್ಟರೆ ಅದಕ್ಕೆ ಸೋರುವುದು ಎನ್ನುತ್ತಾರೆ. ಆಟಗಾರ ಆ ಸಂದಿನಿಂದ ಹೊರಗೆ ಜಾರಿದರೆ ಕಪ್ಪಿನಲ್ಲಿ ಬೀಳುತ್ತಲೇ ಇರುತ್ತಾನೆ, ತಳವಿಲ್ಲ. ಗೋಡೆ ಇರಬೇಕಾದಲ್ಲಿ ಬಾಗಿಲು, ಕಲ್ಲಿನ ಹೊಟ್ಟೆಯೊಳಗೆ ದೀಪ. ಮೊದಲೆರಡನ್ನು ಅವಳೇ ಗುಟ್ಟಾಗಿ ಮುಚ್ಚಿದಳು. ಮೂರನೆಯದು ಮೇಡಂ ಕೈಗೆ ಸಿಕ್ಕಿತು. ಬೈಗುಳ ಬಿದ್ದದ್ದು ಅವಳಿಗೆ.

ಆ ಸಿಟ್ಟಿನಲ್ಲೇ ಅವನ ಮೇಜಿನ ಮುಂದೆ ಹೋಗಿ ನಿಂತಳು. ಎಂಟೂ ಜನ ಇದ್ದರು.

"ಕಣ್ಣು ಎಲ್ಲಿಟ್ಕೊಂಡು ಕೆಲಸ ಮಾಡ್ತಿದ್ದೀರಿ?"

ಅವನ ಕೈ ಮೌಸಿನ ಮೇಲೆ ಹಾಗೇ ನಿಂತಿತು. "ನಾನೂ ಅದನ್ನೇ ಹುಡುಕ್ತಿದ್ದೀನಿ," ಎಂದ ಮೆಲ್ಲಗೆ. ಯಾರೋ ನಕ್ಕರು. ಅವನು ನಗಲಿಲ್ಲ. ಆವತ್ತು ಕಿಟಕಿಯ ಕಡೆ ತಿರುಗಲೂ ಇಲ್ಲ.

ಮರುದಿನ ಬೆಳಿಗ್ಗೆ ಅವನ ರಾಜೀನಾಮೆ ಮೇಡಂ ಮೇಜಿನ ಮೇಲಿತ್ತು.

ಊಟದ ಹೊತ್ತಿಗೆ ಅವನು ಕೆಳಗಿಳಿದದ್ದನ್ನು ನೋಡಿ ಅವಳೂ ಇಳಿದಳು. ಒಂದೆರಡು ಮಾತು ಕೇಳಬೇಕಿತ್ತು, ಒಂದೆರಡು ಬೈಯಬೇಕಿತ್ತು, ಎಲ್ಲ ಆದಮೇಲೆ ಹೋಗಬೇಡಿ ಅನ್ನಬೇಕಿತ್ತು. ಎರಡನೇ ಮಹಡಿಯ ತಿರುವಿನಲ್ಲಿ ಅವನು ಮೆಟ್ಟಿಲ ಕಂಬಿ ಸವರುತ್ತಾ ಮತ್ತೆ ಮೇಲೆ ಬರುತ್ತಿದ್ದ. ಅವಳು ದಾರಿಗೆ ಅಡ್ಡ ನಿಂತಳು.

ರಿಪೇರಿ ತಲೆ ಎತ್ತಿದ. ಮೊಟ್ಟಮೊದಲ ಸಲ, ಒಂದು ಗೇಣಿನ ದೂರದಿಂದ, ಅವಳ ಕಣ್ಣಿನಲ್ಲಿ ಕಣ್ಣಿಟ್ಟು ನೇರವಾಗಿ ನೋಡಿದ. ಕಂದು ಬಣ್ಣದ, ಶಾಂತವಾದ ಕಣ್ಣುಗಳು.

"ಸ್ವಲ್ಪ ದಾರಿ ಬಿಡ್ತೀರಾ ಸಾರ್?" ಎಂದ ಅವನು.

ಅವಳು ಪಕ್ಕಕ್ಕೆ ಸರಿಯಲಿಲ್ಲ. ಅವನು ಕಾದ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಗದ್ದ ಎತ್ತಿ, ಆ ಹಳೆಯ ಓರೆನೋಟ ಬೀರಿದ.

"ನೀವು ಅಂತ ಗೊತ್ತಿದ್ರೆ ನೇರ ನೋಡ್ತಿರ್ಲಿಲ್ಲ ಮೇಸ್ತ್ರಿ," ಎಂದ.

ಮೆಟ್ಟಿಲ ಮೇಲೇ ಕೂತರು. ಅವನು ಹೇಳಿದ, ಬೇರೆ ಯಾರದೋ ಕಥೆಯೆಂಬಂತೆ. ಎರಡೂ ಕಣ್ಣಿನ ನಡುಮಧ್ಯೆ ಒಂದು ಮಸುಕು. ಯಾವುದನ್ನು ನೇರ ನೋಡಿದರೂ ಅದೇ ಮಾಯ. ಸುತ್ತಲಿನ ಅಂಚಿನಲ್ಲಿ ಮಾತ್ರ ಕಾಣುತ್ತದೆ. ಮೊದಲು ಅಂಗಿಯ ಗುಂಡಿಯಷ್ಟಿತ್ತು, ಈಗ ಅಂಗೈಯಷ್ಟು. ಇನ್ನೂ ದೊಡ್ಡದಾಗುತ್ತದಂತೆ. ಔಷಧಿ ಇಲ್ಲವೆಂದು ಡಾಕ್ಟರು ಎರಡು ಸಲ ಹೇಳಿದ್ದಾರೆ.

"ಅಕ್ಷರ ದೊಡ್ಡದು ಮಾಡ್ಕೋಬಹುದು. ಎಡಿಟರ್‌ನ ಬಟನ್ ದೊಡ್ಡದು ಮಾಡಿದ್ರೆ ಯಾಕೆ ಅಂತ ಎಲ್ರೂ ಕೇಳ್ತಾರೆ. ಸದ್ದು ಆದ್ರೆ ತಮಾಷೆಗೆ ಅಂದ್ಕೋತಾರೆ. ಟಕ್ ಅಂದ್ರೆ ಗೋಡೆ ಕೂತಿದೆ. ಕಿರ್ರ್ ಅಂದ್ರೆ ತಪ್ಪಿ ಬಾಗಿಲು ಒತ್ತಿದ್ದೀನಿ. ಅಷ್ಟೇ ನನ್ನ ಕಣ್ಣು."

ಅದರ ಮೇಲೆ ಅವಳು ಗೆರೆ ಎಳೆದಿದ್ದಳು.

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೆಲಸ ಉಳೀತಿತ್ತಾ? ಕುರುಡ ಕಟ್ಟಿದ ಕೋಟೆಗೆ ಯಾರು ಬರ್ತಾರೆ?"

ಅವಳು ತನ್ನ ಚಪ್ಪಲಿಯ ತುದಿ ನೋಡುತ್ತಾ ಕೂತಳು. ನಾಚಿಕೆ ಎರಡು ಥರ ಸುಡುತ್ತಿತ್ತು. ಒಂದು, ಅವನ ಕಣ್ಣನ್ನು ಕಿತ್ತಿಟ್ಟದ್ದು. ಇನ್ನೊಂದು ಸಣ್ಣದು, ಆದರೆ ಆಳವಾದದ್ದು. ಐದು ವರ್ಷ ಅವಳು ಪ್ರೀತಿ ಎಂದುಕೊಂಡದ್ದು ಬರೀ ಒಂದು ಕಾಯಿಲೆ. ಅಡಿಪಾಯವೇ ಇಲ್ಲದ ಮನೆ.

ಅದನ್ನು ಅವನಿಗೆ ಹೇಳಲಿಲ್ಲ. ಎದ್ದು ಹೋಗಿ ಮೇಡಂ ಮುಂದೆ ನಿಂತಳು. "ಮೂವತ್ತೊಂದನೇದು ಬೇಕು ಮೇಡಂ. ಹೊಡೆದುಹಾಕಿದ್ದು ನನ್ನ ತಪ್ಪು. ಲೆವೆಲ್‌ಗಳು ಸೋರ್ತಿರೋದು ಅದರಿಂದಲೇ."

"ಸದ್ದಿಗೂ ಸೋರೋದಕ್ಕೂ ಏನಮ್ಮ ಸಂಬಂಧ?"

"ಅದನ್ನ ಅವರೇ ಹೇಳ್ತಾರೆ. ಐದು ದಿನ ಕೊಡಿ. ಅವರ ಪಾಲಿನ ಲೆವೆಲ್ ಎಲ್ಲ ನಾನು ಕಟ್ತೀನಿ."

"ಅವನು ರಾಜೀನಾಮೆ ಕೊಟ್ಟಾಗಿದೆ."

"ನೀವಿನ್ನೂ ಒಪ್ಪಿಲ್ಲವಲ್ಲ."

ಮೇಡಂ ರಾಜೀನಾಮೆಯ ಹಾಳೆಗೆ ಸಹಿ ಹಾಕದೆ ಅದನ್ನು ಡ್ರಾಯರಿಗೆ ಹಾಕಿದರು.

ಹಳೆಯ ಸದ್ದುಗಳು ಅಪ್‌ಡೇಟ್ ಜೊತೆಗೇ ಹೋಗಿದ್ದವು. ಭಾನುವಾರ ಬೆಳಿಗ್ಗೆ ಅವಳು ಮನೆಯಲ್ಲಿ ಫೋನ್ ಹಿಡಿದು ಹೊಸ ಸದ್ದುಗಳನ್ನು ಹುಡುಕಿ ರೆಕಾರ್ಡ್ ಮಾಡತೊಡಗಿದಳು. ಅಮ್ಮ ಹೊಲಿಗೆ ಮಾಡುವವಳು. ಮೇಜಿನ ಮೇಲೆ ಯಾರದೋ ಅರ್ಧ ಹೊಲಿದ ತೋಳು, ಮೂರು ಬಣ್ಣದ ದಾರ.

"ಅಮ್ಮ, ಒಂದ್ಸಲ ಕತ್ತರಿ ಹಾಕು. ಬಟ್ಟೆ ಬೇಡ, ಬರೀ ಕತ್ತರಿ."

"ಬರೀ ಕತ್ತರಿ ಆಡಿಸಿದ್ರೆ ಮನೇಲಿ ಜಗಳ ಆಗುತ್ತೆ ಕಣೆ."

"ಈ ಮನೇಲಿ ಜಗಳಕ್ಕೆ ಯಾರಿದ್ದಾರೆ, ನೀನು ನಾನು ತಾನೆ? ಹಾಕು. ಉಸಿರು ಹಿಡ್ಕೋ."

ಅಮ್ಮ ಉಸಿರು ಹಿಡಿದು ಚಕ್ ಎನಿಸಿದಳು. ಅಡುಗೆಮನೆಯ ಬಾಗಿಲು ತಾನೇ ಕಿರ್ರ್ ಎಂದಿತು. ಲೋಟಕ್ಕೆ ಚಮಚ ತಾಗಿಸಿದರೆ ಟಿಣ್. ಲಟ್ಟಣಿಗೆಯಿಂದ ಮಣೆಗೆ ಕುಟ್ಟಿದರೆ ಗೋಡೆ.

"ಯಾರಿಗೆ ಇದೆಲ್ಲ?" ಅಮ್ಮ ಕನ್ನಡಕದ ಮೇಲಿಂದ ನೋಡಿದಳು.

"ಆಫೀಸಿಗೆ."

"ಆಫೀಸಿಗೆ ಯಾರಾದ್ರೂ ಕಣ್ಣೊರೆಸ್ಕೊಂಡು ಲೋಟ ಬಾರಿಸ್ತಾರಾ?"

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನೊಂದು ಸದ್ದು ಬಾಕಿ ಇತ್ತು, ಸೇವ್‌ದು. ಅದಕ್ಕೆ ಹನ್ನೊಂದು ಸಲ ಪ್ರಯತ್ನಿಸಬೇಕಾಯಿತು.

ಐದನೇ ದಿನ, ಕೆಲಸ ಮುಗಿಸಿದ ರಿಪೇರಿ ಮೇಡಂ ಕೋಣೆಗೆ ಹೋಗಿ ತನ್ನ ಕಣ್ಣಿನ ವಿಷಯ ತಾನೇ ಹೇಳಿದ. ಹೊರಗೆ ಬಂದಾಗ ಅವನ ಶರ್ಟು ಬೆನ್ನಿಗೆ ಅಂಟಿತ್ತು.

"ಏನಂದ್ರು?"

"ಈ ಗೇಮ್ ಮುಗಿಯೋ ತನಕ ಇರು, ಆಮೇಲಿಂದು ಆಮೇಲೆ ಅಂದ್ರು." ಅವನು ಕುರ್ಚಿ ತಡವಿ ಕೂತ. "ಅಷ್ಟೇ. ಜಾಸ್ತಿ ಆಸೆ ಪಡೋ ಹಾಗಿಲ್ಲ."

ಅವನು ಒಳಗಿದ್ದಾಗ ಅವಳು ತನ್ನ ಸದ್ದುಗಳನ್ನು ಸೇರಿಸಿಟ್ಟಿದ್ದ ಎಡಿಟರ್ ತೆರೆದ. ಗೋಡೆ ಇಟ್ಟ, ಟಕ್. "ಇದು ಮಣೆ," ಎಂದ. ದೀಪ ಇಟ್ಟ. "ಲೋಟ." ಬಾಗಿಲು ಇಟ್ಟು ತಲೆ ಓರೆ ಮಾಡಿ ಕೇಳಿದ. "ಇದು ಯಾವ ಮನೆ ಬಾಗಿಲು?"

"ನಮ್ಮ ಅಡುಗೆಮನೇದು. ಎಣ್ಣೆ ಹಾಕ್ಬೇಡ ಅಂತ ಅಮ್ಮನಿಗೆ ಹೇಳಿದ್ದೀನಿ."

ಅವನು ಒಂದು ಇಡೀ ಕೋಣೆ ಕಟ್ಟಿದ. ಎಲ್ಲೂ ಸೋರಲಿಲ್ಲ. ಆಮೇಲೆ ಸೇವ್ ಒತ್ತಿದ.

"ಇದ್ದೀನಿ," ಎಂದಿತು ಕಂಪ್ಯೂಟರು, ಅವಳ ದನಿಯಲ್ಲಿ.

ಅವನು ಮತ್ತೆ ಒತ್ತಿದ. ಇದ್ದೀನಿ. ಇನ್ನೊಂದು ಸಲ. ಇದ್ದೀನಿ.

"ಏನೂ ಹೊಸದಾಗಿ ಕಟ್ಟಿಲ್ಲ, ಸೇವ್ ಯಾಕೆ ಒತ್ತುತ್ತಿದ್ದೀರಿ?" ಎಂದಳು ಅವಳು. "ಅದು ನಿಮ್ಮ ಕಂಪ್ಯೂಟರಲ್ಲಿ ಮಾತ್ರ ಬರುತ್ತೆ. ಬೇಡ ಅಂದ್ರೆ ತೆಗೀತೀನಿ. ಆ ಓರೆನೋಟ ಕಾಯಿಲೆ ಅಂತ ಗೊತ್ತಾಗೋಕೆ ಮುಂಚೆ ನಾನು ಏನೇನೋ..."

"ಉಳಿದೋರನ್ನ ಹೇಗೆ ನೋಡ್ತೀನಿ?"

"ನೇರವಾಗಿ."

"ನೇರ ನೋಡಿದ್ರೆ ಮುಖದ ಜಾಗದಲ್ಲಿ ಮಸುಕು. ಮೇಡಂ ಮುಖ ನಾನು ಸರಿಯಾಗಿ ನೋಡಿ ಐದು ವರ್ಷ ಆಯ್ತು. ಪರವಾಗಿಲ್ಲ, ದನಿ ಸಾಕು." ಅವನು ಕಿಟಕಿಯ ಕಡೆ ತಿರುಗಿದ. "ಎಲ್ಲರಿಗೋಸ್ಕರ ಹೀಗೆ ತಿರುಗ್ತಾ ಇದ್ರೆ ಕತ್ತು ಉಳುಕುತ್ತೆ. ಒಬ್ಬರಿಗೋಸ್ಕರ ಐದು ವರ್ಷದಿಂದ ತಿರುಗ್ತಿದ್ದೀನಿ. ಪೂರ್ತಿ ಹೋಗೋ ಮುಂಚೆ ಬಾಯಿಪಾಠ ಆಗ್ಬೇಕಲ್ಲ."

ನೋಟ ಅವಳ ಹಣೆಯಿಂದ ಶುರುವಾಗಿ ನಿಧಾನವಾಗಿ ಇಳಿಯಿತು. ಅವಳು ಕಣ್ಣೀರು ಒರೆಸಿಕೊಳ್ಳಲಿಲ್ಲ. ಕುರ್ಚಿಯನ್ನು ಎತ್ತಿಕೊಂಡು ಹೋಗಿ, ಅವನ ಕಣ್ಣಿನ ಅಂಚಿಗೆ ಸರಿಯಾಗಿ, ಕಿಟಕಿಯ ಪಕ್ಕಕ್ಕೆ ಇಟ್ಟು ಕೂತಳು.

"ಎಲ್ಲಿಯ ತನಕ ಬಂತು ಪಾಠ?" ಎಂದಳು.

"ಹುಬ್ಬಿನ ತನಕ."

"ಇಷ್ಟು ನಿಧಾನ ಆದ್ರೆ ಮುಗಿಯಲ್ಲ. ಇನ್ನು ಮೇಲೆ ದಿನಾ ಇಲ್ಲೇ ಕೂತ್ಕೋತೀನಿ, ನೋಡ್ಕೋ."

ಅವಳು ಏಕವಚನಕ್ಕೆ ಇಳಿದದ್ದನ್ನು ಅವನು ಗಮನಿಸಿದ. ಸೇವ್ ಒತ್ತಿದ.