ಜಿಗಿತ, ಜಿಗುಟು, ಜಿಗುಪ್ಸೆ

"ಛೀ! ಇದೇನ್ರೀ, ಹಗ್ಗದ ಹಿಡಿನಾ, ನೆಕ್ಕಿಟ್ಟ ಲಾಲಿಪಾಪಾ?"

ಡ್ರಿಲ್ ಟೀಚರ್ ಜಿಗಿತ ತಾನೇ ಎಣಿಸುವ ಆ ಸ್ಮಾರ್ಟ್ ಸ್ಕಿಪ್ಪಿಂಗ್ ಹಗ್ಗವನ್ನು ಕೌಂಟರ್ ಮೇಲೆ ಎಸೆದಳು. ಎಸೆದರೂ ಅಂಗೈ ಬಿಡಲು ಅದು ಹಿಂದೆಮುಂದೆ ನೋಡಿತು. ಅಷ್ಟು ಜಿಗುಟು! ಕೊಳ್ಳಲು ಬಂದ ಯಾರ್ಯಾರ ಬೆವರೋ...

ಆಟದ ಸಾಮಾನಿನ ಅಂಗಡಿಯವನು ಒದ್ದೆ ಬಟ್ಟೆ ಚಾಚಿದ. "ಮೊದ್ಲು ಕೈ ಒರೆಸ್ಕೊಳ್ಳಿ. ಆಮೇಲೆ ಬೈಯೋರಂತೆ."

ಬೈಯಲು ಕಾರಣವಿತ್ತು. ಮೊಣಕಾಲಿನ ಆಪರೇಷನ್ ಆದ ಮೇಲೆ ಡಾಕ್ಟರು ದಿನಕ್ಕೆ ನೂರೇ ಜಿಗಿತ ಎಂದಿದ್ದರು. ದಾಟಿದರೆ ಕಾಲೂ ಹೋಯಿತು, ಕೆಲಸವೂ ಹೋಯಿತು. ಮಕ್ಕಳನ್ನು ಗದರಿಸುತ್ತಾ ಹಾರುವವಳಿಗೆ ಬಾಯಲ್ಲಿ ಎಣಿಸಲು ಬಿಡುವೆಲ್ಲಿ? ಹಳೇ ಹಗ್ಗವಂತೂ ಅರ್ಧಂಬರ್ಧ ಎಣಿಸಿ, ಅವಳ ಮೊಣಕಾಲು ಊದಿಸಿತ್ತು.

ಅವನು ಇನ್ನೊಂದು ಕೊಟ್ಟ. ಅವಳು ಸ್ಟೂಲಿನ ಮೇಲೆ ಕೂತೇ ಕೈ ತಿರುಗಿಸಿದಳು. ಹಗ್ಗಕ್ಕೆ ಜೋಡಿಸಿದ್ದ ಅವನ ಮೊಬೈಲ್ ಕೂಗಿತು: "ಭಲೇ! ಅದ್ಭುತ ಜಿಗಿತ!"

"ಥೂ! ಕೂತವಳಿಗೆ ಭಲೇ ಅಂತೆ! ಹಾರೋ ಹಗ್ಗ ಕೇಳಿದ್ರೆ ಹಾರಿಕೆ ಮಾತಿನ ಹಗ್ಗ ಕೊಡ್ತೀರಲ್ರೀ!"

ಅವಳ ಜೊತೆಗಿನ ನಿಶ್ಚಿತಾರ್ಥ ಮುರಿದುಕೊಂಡು ಹೋದ ಆ ಮಹಾಶಯನೂ ಹೀಗೇ... ಬಾಯಿತುಂಬಾ ಭಲೇ, ಮನಸ್ಸಿನಲ್ಲಿ ಸೊನ್ನೆ! ಅವಳು ಹಗ್ಗವನ್ನು ಕೌಂಟರಿನಾಚೆ ತಳ್ಳಿದಳು.

ಅಂಗಡಿಯವನು ಮಾತ್ರ ವಾದಿಸಲಿಲ್ಲ. ಆ ಹಗ್ಗಕ್ಕೆ 'ಮಾರಾಟಕ್ಕಿಲ್ಲ' ಎಂದು ಚೀಟಿ ಅಂಟಿಸಿ ಪಕ್ಕಕ್ಕಿಟ್ಟ.

"ಒಂದು ವಾರ ಕೊಡಿ ಟೀಚರ್. ನಾನೇ ಹಾರಿ, ಬಾಯಲ್ಲೂ ಎಣಿಸಿ, ತಾಳೆ ನೋಡಿ ಆರಿಸ್ತೀನಿ."

ಡಾಕ್ಟರ ಅಪ್ಪಣೆಯಿಲ್ಲದೆ ಅವಳ ಎದೆ ಒಮ್ಮೆ ಜಿಗಿಯಿತು. ಅದನ್ನವಳು ಲೆಕ್ಕಕ್ಕೇ ಹಿಡಿಯಲಿಲ್ಲ!

ವಾರದ ನಂತರ ಅವನು ಆರಿಸಿಟ್ಟ ಹಗ್ಗ ಮನೆಗೆ ಬಂತು. ಬೆಳಿಗ್ಗೆ ಅಕ್ಕ ಎಣಿಸಿದಳು, ಇವಳು ಹಾರಿದಳು. ಅರವತ್ತೆರಡಕ್ಕೆ ಕಾಲು ಎಡವಿತು. ತನ್ನ ಮೊಬೈಲ್ ನೋಡಿದರೆ... ಸೊನ್ನೆ!

"ನಿನ್ನ ಹಗ್ಗದ ಸಾಹೇಬ್ರು ಚೆನ್ನಾಗೇ ಸೊನ್ನೆ ಸುತ್ತಿಸಿದ್ರಲ್ಲೇ!" ಅಕ್ಕ ಕಿಸಕ್ಕನೆ ನಕ್ಕಳು.

ಜಿಗುಪ್ಸೆ ಉಕ್ಕಿತು. ಹಗ್ಗದ ಮೇಲಲ್ಲ, ಮತ್ತೊಬ್ಬನನ್ನು ನಂಬಿದ ತನ್ನ ಮೇಲೆ! 'ಥೂ ನನ್ನ ಬುದ್ಧಿಗಿಷ್ಟು...'

ಅವಳು ನೇರ ಅಂಗಡಿಗೆ ನುಗ್ಗಿದಳು. "ತಗೊಳ್ರೀ ನಿಮ್ಮ ಸುಳ್ಳಿನ ಹುರಿ! ನಿಮ್ಮ ಮುಖ ನೋಡೋಕೂ ಅಸಹ್ಯ ನಂಗೆ!"

ಹಗ್ಗ ಕೌಂಟರಿಗೆ ಬಿತ್ತು. ಮರುಕ್ಷಣ ಅವನ ಅಂಗಿ ಜೇಬು ಮಾತಾಡಿತು. ಅದೂ ಅವನದೇ ದನಿಯಲ್ಲಿ!

"ಟೀಚರ್, ಮೊಣಕಾಲು ಜೋಪಾನ..."

ಅವನು ಗಾಬರಿಯಿಂದ ಮೊಬೈಲ್ ತೆಗೆದ. ಪರದೆಯ ಮೇಲೆ ಅರವತ್ತೆರಡು! ಕೆಳಗೆ, 'ಜೋಡಿಯಾಗಿದೆ'.

"ದಿನಾ ಇದ್ರಲ್ಲೇ ಪರೀಕ್ಷೆ ಮಾಡ್ತಿದ್ದೆ. ನನ್ನ ಮೊಬೈಲಿಂದ ಜೋಡಿ ಬಿಡಿಸೋದೇ ಮರೆತೆ. ನೀವು ಹಾರಿದ್ದನ್ನೆಲ್ಲಾ ಹಿಡಿಯೊಳಗೆ ಬಚ್ಚಿಟ್ಕೊಂಡು, ಹತ್ತಿರ ಬಂದ ತಕ್ಷಣ ನನಗೆ ಒಪ್ಪಿಸಿಬಿಟ್ಟಿದೆ."

ಲೆಕ್ಕ ಒಂದೂ ತಪ್ಪಿರಲಿಲ್ಲ. ಅವಳ ಸಿಟ್ಟಿಗೆ ನಿಲ್ಲಲು ಜಾಗವೇ ಇರಲಿಲ್ಲ.

"ಮತ್ತೆ... ಆ ದನಿ?"

"ಭಲೇ ಅಂದ್ರೆ ನಿಮಗೆ ಆಗಲ್ವಲ್ಲ... ಅದಕ್ಕೇ ಆ ಕೂಗು ತೆಗೆದು ನಾನೇ ರೆಕಾರ್ಡ್ ಮಾಡಿದೆ." ಅವನು ತಲೆ ತಗ್ಗಿಸಿದ. "ಹಗ್ಗ ಸರಿಯಾಗೇ ಇದೆ ಟೀಚರ್. ವಾರವಿಡೀ ನಿಮ್ಮನ್ನೇ ನೆನೆಸ್ಕೊಂಡು ಎಣಿಸೋದ್ರಲ್ಲಿ... ಲೆಕ್ಕ ತಪ್ಪಿದ್ದು ನಾನು. ನೀವಂದ್ರೆ ನನಗೆ ತುಂಬಾ ಇಷ್ಟ. ಜೋಡಿ ಬಿಡಿಸಿ ಕೊಡ್ಲಾ?"

"ಹಗ್ಗದ್ದು ಬಿಡಿಸಿ..." ಅವಳ ದನಿ ಮೆತ್ತಗಾಯಿತು. "ನಮ್ಮದು ಇರ್ಲಿ."

ಅವನು ಕೈ ಚಾಚಿದ. ಅವಳು ಒದ್ದೆ ಬಟ್ಟೆ ಹುಡುಕಲಿಲ್ಲ, ಹಾಗೇ ಹಿಡಿದಳು.

"ಛೀ... ಎಷ್ಟು ಬೆವರು! ಎಷ್ಟು ಜಿಗುಟು!"

"ಬಿಡ್ಲಾ?"

"ಬಿಟ್ರೆ ನೋಡಿ!"