ಕೋಟೆ ಬಿಟ್ಟು ಓಡಿದವನು

“ಇಷ್ಟು ಲೇಟಾಗಿ ಬರೋದಾ? ಕೂತ್ಕೊಳ್ಳಿ, ಎಲೆ ಕಲೆಸಿ ಆಗಿದೆ,” ಎಂದು ಅವಳು ತಲೆ ಎತ್ತದೆಯೇ ಎದುರಿನ ಕುರ್ಚಿ ತೋರಿಸಿದಳು.

ಬಾಗಿಲಲ್ಲಿ ನಿಂತಿದ್ದವನು ಒಮ್ಮೆ ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ. ಹೆಗಲ ಮೇಲಿನ ಚೀಲ ಮೆಲ್ಲಗೆ ಇಳಿಸಿ ಕೂತ.

ಆ ಪುಸ್ತಕದಂಗಡಿಯ ಮೇಲ್ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಕಾರ್ಡ್ ಆಟ ನಡೆಯುತ್ತಿತ್ತು. ಇಸ್ಪೀಟಲ್ಲ, ಮಾಟಗಾತಿಯರು, ಡ್ರ್ಯಾಗನ್‌ಗಳು, ರೆಕ್ಕೆಯ ಕುದುರೆಗಳು ಇರುವ ಆಟ. ಶುರುವಿಗೆ ಇಬ್ಬರಿಗೂ ಒಂದೇ ಥರದ ಬಡಪಾಯಿ ಸೈನಿಕರು, ಒಂದಿಷ್ಟು ಚಿನ್ನದ ಎಲೆಗಳು. ನಡುವೆ ಹರಡಿದ ಸಾಲಿನಿಂದ ಬೇಕಾದ್ದನ್ನು ಆ ಚಿನ್ನಕ್ಕೆ ಕೊಂಡು ತಮ್ಮ ಕಟ್ಟಿಗೆ ಸೇರಿಸಿಕೊಳ್ಳುತ್ತಾ ಹೋಗಬೇಕು. ಯಾರ ಕಟ್ಟು ಗಟ್ಟಿಯೋ ಅವರು ಎದುರಾಳಿಯ ಕೋಟೆ ಮೊದಲು ಕೆಡವುತ್ತಾರೆ. ಅಲ್ಲಿ ಅವಳನ್ನು ಸೋಲಿಸಿದವರು ಕಮ್ಮಿ. ವಾರವಿಡೀ ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ ಮಾಡುವವಳು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅವಳಿಗೆ ನಿದ್ದೆ ಬರದು.

ಬಂದವನು ಮೊದಲ ಸುತ್ತಿನಲ್ಲೇ ಕೈಲಿದ್ದ ಚಿನ್ನವೆಲ್ಲ ಸುರಿದು ಒಂದು ನವಿಲು ಕೊಂಡ.

“ಅದ್ಯಾಕೆ?”

“ಚೆನ್ನಾಗಿದೆ.”

“ಚೆನ್ನಾಗಿದ್ರೆ ಸಾಕಾ? ಅದು ಯುದ್ಧ ಮಾಡಲ್ಲ!”

“ಪಾಪ, ಮಾಡದೇ ಇರಲಿ ಬಿಡಿ.”

ಅವನ ಕೋಟೆ ನೆಲಸಮವಾಗುವ ಹೊತ್ತಿಗೆ ಅಂಗಡಿ ಆಂಟಿ ಟೀ ತಂದವರು ಬಾಯಿ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ನಿನ್ನ! ಇವರು ಲಿಫ್ಟ್ ರಿಪೇರಿಗೆ ಬಂದವರು ಕಣೇ!”

ಅವಳ ಮುಖ ಕೆಂಪಾಯಿತು. ಅವನು ಎದ್ದು ಚೀಲ ಹೆಗಲಿಗೇರಿಸಿದ. “ಪರವಾಗಿಲ್ಲ. ಮುಂದಿನ ವಾರ ಲಿಫ್ಟ್ ಕೆಡದಿದ್ರೂ ಬರ್ತೀನಿ,” ಎಂದು ಹೇಳಿ ಹೋದ.

ಬಂದೂಬಿಟ್ಟ. ಪ್ರತಿ ವಾರ ಬಂದ, ಸೋತ, ಕಲಿತ. ಅವಳನ್ನು ‘ಹಲ್ಲು ಮೇಡಂ’ ಎಂದು ಕರೆಯತೊಡಗಿದ. ಅವಳು ಸುಮ್ಮನಿರುತ್ತಾಳೆಯೇ, ‘ಲಿಫ್ಟ್ ಸಾಹೇಬ್ರು’ ಎಂದಳು. ಯೋಚಿಸುವಾಗ ಅವನು ಬಲಗಿವಿಯ ತುದಿ ಹಿಡಿದು ಎಳೆಯುತ್ತಿದ್ದ. ಅದನ್ನೇ ನೋಡುತ್ತಾ ಅವಳು ತನ್ನ ಕೈಯ ಎಲೆ ಮರೆಯುವಳು. ಅವನು ತಟ್ಟನೆ ಕಣ್ಣೆತ್ತಿದರೆ ಮಾಟಗಾತಿಯ ಚಿತ್ರವನ್ನು ಭಾರೀ ಶ್ರದ್ಧೆಯಿಂದ ಪರೀಕ್ಷಿಸುವಳು.

“ಮಾಟಗಾತಿ ಉಲ್ಟಾ ಇದಾಳೆ, ಮೇಡಂ.”

“ನಾನು ಹಾಗೇ ನೋಡೋದು!”

ಆದರೂ ಅವಳೊಳಗೊಂದು ಮುಳ್ಳಿತ್ತು. ಹಿಂದೊಮ್ಮೆ ಮದುವೆಯ ಮಾತಾಗಿದ್ದ ಹುಡುಗನೊಬ್ಬ ಅವಳೆದುರು ನಗುನಗುತ್ತಾ ಸೋಲುತ್ತಿದ್ದ. “ಗೆಲ್ಲಿಸಿಬಿಟ್ರೆ ಆಯ್ತಪ್ಪಾ, ಮನೆ ತಣ್ಣಗಿರುತ್ತೆ,” ಎಂದು ಅವನು ಗೆಳೆಯರ ಹತ್ತಿರ ಹೇಳಿದ್ದು ಅವಳ ಕಿವಿಗೆ ಬಿತ್ತು. ಮದುವೆ ಅಲ್ಲಿಗೇ ನಿಂತಿತು. ಅಂದಿನಿಂದ ಎದುರಿಗೆ ಕೂತವನು ಸೋತರೆ ಅವಳಿಗೆ ಖುಷಿಗಿಂತ ಮೊದಲು ಅನುಮಾನ ಬರುತ್ತಿತ್ತು.

ವರ್ಷದ ಪಂದ್ಯದ ಫೈನಲ್‌ಗೆ ಅವರಿಬ್ಬರೇ ಉಳಿದಾಗ ಅವಳು ಮೇಜಿನ ಮೇಲೆ ಬಾಗಿ ಸಣ್ಣ ದನಿಯಲ್ಲಿ ಹೇಳಿದಳು: “ಬೇಕಂತ ಸೋತರೆ ಮತ್ತೆ ನನ್ನ ಜೊತೆ ಮಾತಾಡಬೇಡಿ.”

“ನನಗೆ ಗೆಲ್ಲೋ ಆಸೆ ಇಲ್ಲ ಅಂದ್ಕೊಂಡ್ರಾ?” ಎಂದ ಅವನು. ಈ ಸಲ ನಗಲಿಲ್ಲ.

ನಿಜಕ್ಕೂ ಆಡಿದ. ಡ್ರ್ಯಾಗನ್ ಕೊಂಡ, ಮನಸ್ಸು ತಡೆಯದೆ ಒಂದು ನವಿಲನ್ನೂ ಕೊಂಡ, ಬೇಡದ ಸೈನಿಕರನ್ನು ಒಬ್ಬೊಬ್ಬರಾಗಿ ಕಟ್ಟಿನಿಂದ ತೆಗೆದುಹಾಕಿದ. ಅವಳ ಕೋಟೆ ಕುಸಿಯುತ್ತಾ ಬಂತು. ನೋಡಲು ಬಂದಿದ್ದ ಅವಳ ಅಕ್ಕ ಉಗುರು ಕಚ್ಚುತ್ತಾ ಕೂತಿದ್ದಳು. ಅಷ್ಟರಲ್ಲಿ ಅವನ ಫೋನು ಗುಂಯ್‌ಗುಟ್ಟಿತು. ನೋಡಿದ, ಮುಖ ಬಿಳಚಿಕೊಂಡಿತು. ಎಲೆಗಳನ್ನು ಬೋರಲು ಇಟ್ಟ.

“ಕ್ಷಮಿಸಿ. ನೀವೇ ಗೆದ್ದಿರಿ,” ಎಂದವನೇ ಮೆಟ್ಟಿಲಿಳಿದು ಓಡಿದ.

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಆಂಟಿ ಕಪ್ ಎತ್ತಿಕೊಂಡು ಬಂದರು. ಅವಳಿಗೆ ಮಾತ್ರ ಕಣ್ಣು ಉರಿಯುತ್ತಿತ್ತು.

“ನೋಡಿದ್ಯಾ ಅಕ್ಕಾ? ಇವನೂ ಅದೇ ಜಾತಿ. ನಾನು ಸೋಲ್ತೀನಿ ಅಂತ ಗೊತ್ತಾಯ್ತು, ಬಿಟ್ಟುಕೊಟ್ಟು ಹೋದ.”

“ನಿನ್ನ ತಲೆ! ಬಿಟ್ಟುಕೊಡೋನು ಹಾಗೆ ಬಿದ್ದಂಬೀಳ ಓಡ್ತಾನೇನೆ? ಫೋನ್ ಮಾಡಿ ಕೇಳು.”

“ನಾನ್ಯಾಕೆ ಮಾಡಲಿ?”

“ಆಗಲಿಂದ ಬಾಗಿಲನ್ನೇ ನೋಡ್ತಿದೀಯಲ್ಲ, ಅದಕ್ಕೆ.”

ಅವಳು ಮಾಡಿದಳು. ಆ ಕಡೆ ಮೊದಲು ಕಬ್ಬಿಣದ ಸದ್ದು ಕೇಳಿಸಿತು. ಆಮೇಲೆ ಎಲ್ಲೋ ಗೋಡೆಯೊಳಗಿಂದ ಬಂದ ಹಾಗೆ ಒಂದು ಮುದಿ ದನಿ: “ಮಗಾ, ಕತ್ತಲು ಕಣೋ... ಹೋಗಬೇಡ...”

“ಎಲ್ಲೂ ಹೋಗಲ್ಲಜ್ಜಿ, ಇಲ್ಲೇ ಬಾಗಿಲ ಹತ್ರಾನೇ ಇದೀನಿ. ನಿಮ್ಮ ಮೊಮ್ಮಗಳ ಹೆಸರೇನಂದ್ರಿ? ಜಾಣೆನಾ? ನಿಮ್ಮ ಹಾಗೇನಾ?” ಎನ್ನುತ್ತಿದ್ದ ಅವನು. ಆಮೇಲೆ ಫೋನಿಗೆ, “ಹಲ್ಲು ಮೇಡಂ, ಅಜ್ಜಿ ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದಾರೆ. ಬೈಯೋದಾದ್ರೆ ಆಮೇಲೆ ಬೈಯಿರಿ,” ಎಂದು ಬಿಲ್ಡಿಂಗಿನ ಹೆಸರು ಹೇಳಿ ಇಟ್ಟ.

ಅವಳು ಫೋನು ಹಿಡಿದೇ ನಿಂತಳು. ಎದೆಯಲ್ಲಿದ್ದ ಮುಳ್ಳು ಯಾವಾಗ ಜಾರಿತೋ ಗೊತ್ತಾಗಲಿಲ್ಲ. ಕಿವಿಯಲ್ಲಿ ಆ ಮಾತೊಂದೇ ಉಳಿದಿತ್ತು: ಎಲ್ಲೂ ಹೋಗಲ್ಲಜ್ಜಿ.

“ಆಂಟಿ, ಕಪ್ ಕೊಡಬೇಡಿ. ರಬ್ಬರ್ ಬ್ಯಾಂಡ್ ಕೊಡಿ,” ಎಂದಳು.

ಅವನ ಕಟ್ಟು, ಅವಳ ಕಟ್ಟು, ನಡುವಿನ ಸಾಲು, ಬೋರಲು ಬಿದ್ದಿದ್ದ ಅವನ ಕೈ ಎಲೆ, ಎಲ್ಲವನ್ನೂ ಇದ್ದ ಹಾಗೆಯೇ ಬೇರೆ ಬೇರೆ ಕಟ್ಟಿ ಡಬ್ಬಿಗೆ ತುಂಬಿಕೊಂಡು ಹೊರಟಳು.

ಅವಳು ಆ ಬಿಲ್ಡಿಂಗ್ ತಲುಪುವಾಗ ಅಜ್ಜಿ ಹೊರಗೆ ಬಂದಿದ್ದರು. ಅವನ ಕೆನ್ನೆ ಸವರಿ, ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿಹೋದರು. ಅವನು ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಡಬ್ಬಿ ತೆರೆದದ್ದು ನೋಡಿ ಕಣ್ಣರಳಿಸಿದ.

“ನೀವು ಗೆದ್ದಾಯ್ತಲ್ಲ?”

“ಪುಕ್ಕಟೆ ಗೆಲುವು ನನಗೆ ಬೇಡ. ಕೈ ತೊಳ್ಕೊಂಡು ಬನ್ನಿ.”

“ನನ್ನ ಎಲೆ ನೋಡಿದ್ರಾ?”

“ನೋಡಿದ್ರೆ ನನ್ನ ಕಣ್ಣು ಹೋಗ್ಲಿ!”

ಮೆಟ್ಟಿಲ ಮೇಲೇ ಆಟ ಮುಂದುವರಿಯಿತು. ಹತ್ತಿಳಿಯುವವರು ಕಾಲು ಎತ್ತಿಟ್ಟು ದಾಟಿಹೋದರು. ಅವಳ ಕೋಟೆ ಬೀಳಲು ಒಂದೇ ಏಟು ಬಾಕಿ. ಅವನಿಗೆ ಡ್ರ್ಯಾಗನ್ ಬಂದರೆ ಮುಗಿಯಿತು. ಅವನು ಕಿವಿಯ ತುದಿ ಎಳೆದುಕೊಂಡು ತನ್ನ ಕಟ್ಟಿನಿಂದ ಹೊಸ ಎಲೆಗಳನ್ನು ತೆಗೆದ. ನವಿಲು, ಸೈನಿಕ, ಮತ್ತೊಬ್ಬ ಸೈನಿಕ. ಡ್ರ್ಯಾಗನ್ ಇಲ್ಲ. ಮುಂದಿನ ಸರದಿಯಲ್ಲಿ ಅವಳ ಮಾಟಗಾತಿಯರು ಅವನ ಕೋಟೆ ಕೆಡವಿದರು.

“ಛೇ! ಥೂ!” ಅವನು ಮೆಟ್ಟಿಲಿಗೆ ಗುದ್ದಿದ. ಮಿಕ್ಕ ಕಟ್ಟಿನ ಮೇಲಿನ ಎಲೆ ಮಗುಚಿದರೆ ಅದೇ ಡ್ರ್ಯಾಗನ್. “ನೋಡಿ! ಒಂದೇ ಒಂದು ಎಲೆ ಕೆಳಗೆ! ಇದು ಅನ್ಯಾಯ ಕಣ್ರೀ. ಆ ನವಿಲನ್ನ ಯಾಕಾದ್ರೂ ತಗೊಂಡೆನೋ! ಇನ್ನೊಂದು ಆಟ ಆಡಲೇಬೇಕು, ಈಗಲೇ!” ಮೂತಿ ಊದಿಸಿಕೊಂಡು ಕೂತ. ನಟನೆಯಲ್ಲಿ ಹಾಗೆ ಯಾರ ಮೂತಿಯೂ ಊದಲಾರದು.

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. “ಸೋತಾಗ ನೀನು ಎಷ್ಟು ಕೆಟ್ಟದಾಗಿ ಕಾಣ್ತೀಯ ಗೊತ್ತಾ?”

ಅವನ ಸಿಟ್ಟು ಅರ್ಧಕ್ಕೇ ನಿಂತಿತು. “ಏನಂದ್ರಿ?”

“ಕೆಟ್ಟದಾಗಿ—”

“ಅದಲ್ಲ. ಅದಕ್ಕಿಂತ ಮುಂಚೆ.”

‘ನೀನು’ ಎಂದದ್ದು ಆಗ ಅವಳಿಗೇ ಹೊಳೆಯಿತು. ಬಾಯಿಂದ ಜಾರಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಅವನು ಎಲೆಗಳನ್ನು ಕೂಡಿಸಿ ಡಬ್ಬಿಗೆ ಹಾಕಿದ. ಮುಚ್ಚಳ ಒತ್ತುವಾಗ ಇಬ್ಬರ ಬೆರಳೂ ಅಲ್ಲೇ ಉಳಿದವು. “ಲಿಫ್ಟ್ ಒಂದ್ಸಲ ಮೇಲಿನ ತನಕ ಓಡಿಸಿ ನೋಡಬೇಕು,” ಎಂದ ಸಣ್ಣಗೆ. “ಬರ್ತೀಯಾ?”

“ಮತ್ತೆ ನಿಂತುಬಿಟ್ರೆ?”

“ಸರಿ ಮಾಡೋನು ಒಳಗೇ ಇರ್ತಾನಲ್ಲ.”

ಬಾಗಿಲು ಮುಚ್ಚಿತು. ಒಂದು ಮಹಡಿ ದಾಟುವವರೆಗೆ ಇಬ್ಬರೂ ಬಟನ್‌ಗಳನ್ನೇ ನೋಡುತ್ತಿದ್ದರು.

“ನನಗೆ ನೀನು ಇಷ್ಟ,” ಎಂದ ಅವನು. “ಮೊದಲ ದಿನ ಲಿಫ್ಟ್ ರಿಪೇರಿಗೆ ಬಂದವನು ಅಂತ ನಾನೇ ಹೇಳಬಹುದಿತ್ತು. ನೀನು ಕುರ್ಚಿ ತೋರಿಸಿದೆ, ನನಗೆ ಹೇಳೋ ಮನಸ್ಸಾಗಲಿಲ್ಲ.”

“ಇಷ್ಟು ದಿನ ಬೇಕಾಯ್ತಾ ಇದನ್ನ ಹೇಳೋಕೆ?” ಎಂದು ಅವಳು ಅವನ ಕೈಯೊಳಗೆ ಕೈ ಇಟ್ಟಳು. ಗ್ರೀಸಿನ ವಾಸನೆ ಇನ್ನೂ ಹೋಗಿರಲಿಲ್ಲ. ಹೋಗದಿದ್ದರೂ ಚಿಂತೆಯಿಲ್ಲ ಅನ್ನಿಸಿತು.

ಕೊನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು. ಲಿಫ್ಟು ಎಲ್ಲೂ ನಿಲ್ಲದೆ ಚೆನ್ನಾಗಿಯೇ ಓಡಿತ್ತು. ಇಬ್ಬರೂ ಇಳಿಯಲಿಲ್ಲ. ಸ್ವಲ್ಪ ಹೊತ್ತು ಕಾದು ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.