ಡಟ್ಸನ್ ಗಾಡಿಯ ಕುಂಕುಮ

"ಅಯ್ಯಯ್ಯ, ಏನ್ ಮಾಡಿಟ್ಟಿ ಹುಡುಗಿ!"

ಅಜ್ಜಿಯ ಕೂಗಿಗೆ ಕೀರ್ತಿ ನಿಂತಿದ್ದ ಸ್ಟೂಲೇ ಅಲ್ಲಾಡಿತು. ಅವಳ ಅರ್ಧ ಮೈ ಕಾರಿನ ಬಾನೆಟ್ಟಿನೊಳಗಿತ್ತು. ಕೈಯಲ್ಲಿ ಅಪ್ಪನ ಹಳೇ ಬನಿಯನ್, ಮೂಗಿನ ಮೇಲೆ ಗ್ರೀಸು.

"ಕ್ಲೀನ್ ಮಾಡಾಕತ್ತೇನಿ ಅಜ್ಜಿ. ನಾಳೆ ಗಾಡಿ ನೋಡಾಕ ಜಡ್ಜ್ ಬರ್ತಾರಲ್ಲ! ಇಲ್ಲೆ ಎಂಜಿನ್ ಮ್ಯಾಲೆ ಕುಂಕುಮ ಕಲ್ಲಾಗಿ ಕುಂತಿತ್ತು. ಚಮಚ ತಗೊಂಡು ಎಲ್ಲಾ ಕೆರದೆ."

ಶಹಬ್ಬಾಸ್ ಎನ್ನಬೇಕಿದ್ದ ನೀಲವ್ವಜ್ಜಿ ಪೇಂಟಿನ ಡಬ್ಬಿಯ ಮೇಲೆ ಕುಸಿದು ಕುಳಿತರು.

ಗೋವಾದ ಕಾಣಕೋಣದ ಪೇಟೆಯಲ್ಲಿ ಸಂಗಪ್ಪಜ್ಜನ ಬಟ್ಟೆ ಅಂಗಡಿ ಗೊತ್ತಿಲ್ಲದವರು ಇರಬಹುದು. ಅವರ ಹಳದಿ ಡಟ್ಸನ್ ಕಾರು ಗೊತ್ತಿಲ್ಲದವರಿಲ್ಲ. ಜಪಾನಿನಲ್ಲಿ ಹುಟ್ಟಿ, ಕುವೈತಿನಲ್ಲಿ ಓಡಾಡಿ, ಹಡಗು ಹತ್ತಿ ಗೋವಾಕ್ಕೆ ಬಂದ ಕಾರು ಅದು. ಧಾರವಾಡದಿಂದ ಬಂದು ಅಂಗಡಿ ಹಾಕಿದ ಹೊಸತರಲ್ಲಿ ಅಜ್ಜ ಅದನ್ನು ಕೊಂಡಿದ್ದರು. "ಜಪಾನದ ಖರೇ ಗಾಡಿರಿ. ಒಂದು ಸ್ಕ್ರೂ ಸುದ್ದಾ ಬದಲಿ ಆಗಿಲ್ಲ!" ಎಂದು ಗಿರಾಕಿ ಕೇಳಲಿ ಬಿಡಲಿ ಹೇಳುತ್ತಿದ್ದರು. ಪರಕಾರದ ಬಟ್ಟೆಗೆ ಬಂದವರೂ ಗಾಡಿಯ ಕತೆ ಕೇಳಿಯೇ ಹೊರಗೆ ಹೋಗಬೇಕು.

ಅದಕ್ಕೇ ಕೀರ್ತಿ ಪಣಜಿಯ ಹಳೇ ಕಾರುಗಳ ರ‍್ಯಾಲಿಗೆ ಅಪ್ಪನ ಫೋನಿನಿಂದ ಹೆಸರು ಕೊಟ್ಟಿದ್ದಳು. ಎಲ್ಲ ಭಾಗವೂ ಅಸಲಿ ಎಂದು ಜಡ್ಜ್ ಒಪ್ಪಿದ ಕಾರುಗಳಿಗೆ ಮೊದಲ ಸಾಲು. ಉಳಿದವು ಹಿಂದೆ. "ಇದೆಲ್ಲಾ ಯಾಕ ಬೇಕಾಗಿತ್ತವಾ?" ಎಂದಿದ್ದರು ಅಜ್ಜ. ಅವರಿಗೆ ನಾಚಿಕೆ ಎಂದುಕೊಂಡಳು ಕೀರ್ತಿ. ತಾನಂತೂ ಮೊದಲ ಸಾಲಿನ ಮುಂದಿನ ಸೀಟಿನಲ್ಲಿ ಕೂರುವವಳು ಎಂದು ಇಡೀ ಕ್ಲಾಸಿಗೆ ಸಾರಿಯಾಗಿತ್ತು.

ಅಜ್ಜಿ ಇನ್ನೂ ಡಬ್ಬಿಯ ಮೇಲೇ ಇದ್ದರು. ಕೀರ್ತಿಗೆ ಹೆದರಿಕೆಯಾಯಿತು.

"ಕುಂಕುಮ ಅಳಿಸಿದ್ದಕ್ಕ ದೇವರಿಗೆ ಸಿಟ್ಟು ಬರ್ತದೇನ ಅಜ್ಜಿ?"

"ದೇವರಿಗಲ್ಲವಾ, ನಿಮ್ಮಜ್ಜಗ." ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. "ನೀ ಹುಟ್ಟೂಕಿಂತ ಮೊದಲ ಇಲ್ಲೆ ಒಂದ್ ಸಲ ಊರೆಲ್ಲಾ ನೀರು ಹೊಕ್ಕಿತ್ತು. ನಿಮ್ಮಜ್ಜ ಹುಬ್ಬಳ್ಳಿ ದವಾಖಾನ್ಯಾಗ, ಆಪರೇಶನ್ ಆಗಿತ್ತು. ಹೋಗೂ ಮುಂದ ಗಾಡಿ ಕೀಲಿ ನನ್ನ ಕೈಯಾಗ ಕೊಟ್ಟು, ನೋಡ್ಕೋ ಅಂದಿದ್ರು. ನಾ ಅಂಗಡ್ಯಾನ ಸೀರಿ ಅಟ್ಟಕ್ಕ ಏರಸ್ಕೋತ ಗಾಡಿ ಮರತೇಬಿಟ್ಟೆ. ನೀರು ಇಳದ ಮ್ಯಾಲೆ ನೋಡಿದ್ರ ಎಂಜಿನ್ ತುಂಬ ರಾಡಿ."

"ಮತ್ತ?"

"ಮೆಕ್ಯಾನಿಕ್ ಇಲಿಯಾಸ ಬಂದು ನೋಡಿ, ಇದು ಇನ್ನ ಏಳೂದಿಲ್ಲ ಅಂದ. ಮಡಗಾಂವದಾಗ ಇಂಥಾದೇ ಗಾಡಿ ಗುಜರಿಗೆ ಬಂದಿತ್ತು. ಅದರ ಎಂಜಿನ್ ತಂದು ಕೂಡಿಸಿದ. ನಿಮ್ಮಜ್ಜ ಆಗಷ್ಟೇ ಜಡ್ಡಿನಿಂದ ಎದ್ದು ಬಂದಿದ್ರು. ಹೆಂಗ ಹೇಳ್ಲಿ? ನಾಳೆ ಹೇಳಿದ್ರಾತು, ನಾಡದ ಹೇಳಿದ್ರಾತು ಅಂತ ಹಂಗೇ ಉಳೀತು. ಎಂಜಿನ್ ನಂಬರ್ ಅವರ ಕಣ್ಣಿಗೆ ಬೀಳಬಾರ್ದಂತ ಪ್ರತಿ ಖಂಡೇನವಮಿಗೆ ಗಾಡಿ ಪೂಜಾ ಮಾಡೂ ಮುಂದ ಅದರ ಮ್ಯಾಲೇ ಎಣ್ಣಿ-ಕುಂಕುಮ ದಪ್ಪಗ ಮೆತ್ತಿಕೋತ ಬಂದೆ."

ಕೀರ್ತಿ ಬಗ್ಗಿ ನೋಡಿದಳು. ಬಾನೆಟ್ಟಿನೊಳಗೆ ಒಂದು ಪುಟ್ಟ ತಗಡು ಇತ್ತು. ಕಾರಿಗೆ ಯಾವ ಎಂಜಿನ್ ಕೂಡಿಸಿದೆ ಎಂದು ಕಂಪನಿಯವರು ಅದರ ಮೇಲೆ ನಂಬರ್ ಹೊಡೆದಿದ್ದರು. ಅವಳೇ ಉಜ್ಜಿ ಹೊಳೆಯಿಸಿದ ಎಂಜಿನ್ನಿನ ಮೇಲಿದ್ದದ್ದು ಬೇರೆಯೇ ನಂಬರು.

ಅಜ್ಜಿ ದೇವರ ಮನೆಯಿಂದ ಎಣ್ಣೆ, ಕುಂಕುಮ ತಂದರು. ಈಗೀಗ ಅವರ ಸೊಂಟ ಅಷ್ಟು ಬಗ್ಗುತ್ತಿರಲಿಲ್ಲ. ಕೀರ್ತಿಯೇ ಮೆತ್ತಿದಳು.

"ಇದು ಚೀಟಿಂಗ್ ಅಲ್ಲೇನ ಅಜ್ಜಿ?"

ಅಜ್ಜಿ ಕುಂಕುಮದ ಬಟ್ಟಲಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

ಮರುದಿನ ವಾಸ್ಕೋದಿಂದ ಮುನಾಫ್ ಅಂಕಲ್ ಬಂದರು. ಅವರೇ ಜಡ್ಜ್. ಹಾವೇರಿಯಲ್ಲಿ ಬೆಳೆದವರಂತೆ, ಕನ್ನಡ ಸಲೀಸು. ಬಂದವರೇ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಮೇಲೆ ಇಟ್ಟು ನೋಡಿದರು. ಅದು ಗಟ್ಟಿಯಾಗಿ ಅಂಟಿಕೊಂಡಿತು.

"ನೋಡಮ್ಮಾ, ತಗ್ಗು ಮುಚ್ಚಾಕ ಒಳಗ ಪುಟ್ಟಿ ತುಂಬಿದ್ರ ಇದು ಜಾರಿ ಬೀಳ್ತಿತ್ತು. ತಗಡು ಅಸಲಿ ಐತಿ. ಗ್ಲಾಸೂ ಅಸಲಿ, ಲೈಟೂ ಅಸಲಿ. ವ್ಹಾ!"

ಒಂದೊಂದು 'ಅಸಲಿ'ಗೂ ಅಜ್ಜ ಮೀಸೆ ಸವರಿಕೊಂಡರು. ಅಜ್ಜಿಯ ಮುಖ ಮಾತ್ರ ಒಂದೊಂದಕ್ಕೂ ಬಾಡುತ್ತಿತ್ತು. ಮುನಾಫ್ ಅಂಕಲ್ ಬಾನೆಟ್ ಎತ್ತಿದ ಕೂಡಲೇ ಅವರು "ಚಾ ತರ್ತೇನ್ರಿ" ಎಂದು ಒಳಗೆ ನಡೆದುಬಿಟ್ಟರು.

"ಅಜ್ಜಾರ, ಈ ಕುಂಕುಮ ಸ್ವಲ್ಪ ಒರಸಬೇಕಾಗ್ತದ. ನಂಬರ್ ಕಾಣವಲ್ದು."

"ಕೀರ್ತಿ, ಅರಿವಿ ತಗೊಂಡ್ ಬಾ."

ಕೀರ್ತಿ ಬಟ್ಟೆ ತಂದಳು. ಆದರೆ ಕೊಡಲಿಲ್ಲ, ಬೆನ್ನ ಹಿಂದೆ ಹಿಡಿದುಕೊಂಡಳು. ಒರೆಸಿದರೆ ಅಜ್ಜಿ ಸಿಕ್ಕಿಬೀಳುತ್ತಾರೆ, ಅಜ್ಜನ ಎದೆ ಒಡೆಯುತ್ತದೆ. ಇದೆಲ್ಲ ತಾನು ಹೆಸರು ಕೊಟ್ಟಿದ್ದರಿಂದಲೇ.

"ಅಜ್ಜಾ... ಪೂಜಾ ಮಾಡಿದ್ದು ಒರಸಬಾರ್ದು."

ಅಜ್ಜ ಅವಳ ಬೆರಳುಗಳನ್ನು ನೋಡಿದರು. ಉಗುರಿನ ಸಂದಿಯಲ್ಲಿ ಕೆಂಪು ಹಾಗೇ ಇತ್ತು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಒರಸೂದು ಬ್ಯಾಡ್ರಿ. ಎಂಜಿನ್ ಬ್ಯಾರೆದೈತಿ. ಹಂಗೇ ಬರ್ಕೋರಿ. ನಮ್ಮಾಕಿ ಚಾ ತಗೊಂಡು ಬರೂದ್ರಾಗ ಬರದು ಮುಗಸ್ರಿ."

ಕೀರ್ತಿಯ ಕೈಯಿಂದ ಬಟ್ಟೆ ಕೆಳಗೆ ಬಿತ್ತು.

"ಹಂಗಾದ್ರ ಮೊದಲ ಸಾಲು ಸಿಗೂದಿಲ್ರಿ ಅಜ್ಜಾರ," ಎಂದರು ಮುನಾಫ್ ಅಂಕಲ್ ಬೇಸರದಿಂದ. "ಗಾಡಿ ಕಿಮ್ಮತ್ತೂ ಅರ್ಧಕ್ಕ ಇಳೀತದ."

"ಇಳೀಲಿ."

"ಅಜ್ಜಾ, ನಿನಗ ಹೆಂಗ ಗೊತ್ತಾತು?" ಕೀರ್ತಿ ಪಿಸುಗುಟ್ಟಿದಳು.

"ನನ್ನ ಗಾಡಿ ಮುಂಜಾನೆ ಕೆಮ್ಮಿ ಕೆಮ್ಮಿ ಚಾಲೂ ಆಗ್ತಿತ್ತವಾ. ದವಾಖಾನಿಂದ ಬಂದು ಕೀಲಿ ತಿರುವಿದೆ. ಕೆಮ್ಮಲೇ ಇಲ್ಲ. ಬಾಜೂಕ ನಿಮ್ಮಜ್ಜಿ ನಿಂತಿದ್ಲು, ಸೆರಗಿನ ಚುಂಗು ಹಿಂಡಿಕೋತ ನನ್ನ ಮಾರಿನೇ ನೋಡಾಕತ್ತಿದ್ಲು. ನಾನರೆ ಏನ್ ಕೇಳ್ಲಿ? ಎಷ್ಟ್ ಚಲೋ ಚಾಲೂ ಆತು ನೋಡು ಅಂದೆ."

"ಮತ್ತ ಅಂಗಡ್ಯಾಗ ಎಲ್ಲಾರ ಮುಂದ ಒಂದು ಸ್ಕ್ರೂ ಸುದ್ದಾ ಬದಲಿ ಆಗಿಲ್ಲ ಅಂತಿದ್ದಿ?"

"ಅಕಿ ಅಲ್ಲೇ ಕುಂತಿರ್ತಾಳಲ್ಲ. ನಾ ಹಂಗ ಹೇಳೂದು ಬಿಟ್ರ, ಇವಗ ಗೊತ್ತಾಗೇತಿ ಅಂತ ಅಕಿಗೆ ತಿಳೀತಿತ್ತು."

ಕಪ್ಪುಬಸಿಯ ಸದ್ದಾಯಿತು. ಅಜ್ಜಿ ಚಹಾ ಹಿಡಿದು ಬಂದರು. ಅವರ ಕಣ್ಣು ಮೊದಲು ಹೋದದ್ದು ಎಂಜಿನ್ನಿನ ಮೇಲೆ. ಕುಂಕುಮ ಇದ್ದಂತೆಯೇ ಇತ್ತು.

"ಏನಂದ್ರು?"

"ಗಾಡಿ ಚಲೋ ಐತಂತ," ಎಂದರು ಅಜ್ಜ. "ಆದ್ರ ಬಣ್ಣ ಮಾಸೇತಿ. ಹಿಂದಿನ ಸಾಲಿಗೆ ಬರ್ರಿ ಅಂದ್ರು."

ಮುನಾಫ್ ಅಂಕಲ್ ತಲೆ ಎತ್ತದೆ ಚಹಾ ಕುಡಿದರು. ಅಜ್ಜಿ ಕೀರ್ತಿಯತ್ತ ನೋಡಿದರು. ಏನೂ ಆಗಿಲ್ಲ ಎಂಬಂತೆ ಕೀರ್ತಿ ತಲೆಯಾಡಿಸಿದಳು.

ರ‍್ಯಾಲಿ ಮುಗಿದ ಮೇಲೆ ಸೋಮವಾರ ಸ್ಕೂಲಿನಲ್ಲಿ ಗೆಳತಿ ರೂಪಾ ಬಿಡಲಿಲ್ಲ. "ಹಿಂದಿನ ಲೈನಾ? ಅಯ್ಯ, ನಿಮ್ಮ ಗಾಡಿ ಡುಪ್ಲಿಕೇಟಾ?" ಎಂದು ಇಡೀ ಕ್ಲಾಸಿಗೆ ಕೇಳುವಂತೆ ನಕ್ಕಳು. ಕೀರ್ತಿಯ ಕಿವಿ ಬಿಸಿಯಾದವು. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು.

ಸಂಜೆ ಅವಳು ಅಂಗಡಿಗೆ ಹೋದಾಗ ಅಜ್ಜಿ ಬಟ್ಟೆ ಕತ್ತರಿಸುತ್ತಿದ್ದರು. ಹೊಸ ಗಿರಾಕಿಯೊಬ್ಬರು ಹೊರಗೆ ನಿಂತ ಹಳದಿ ಕಾರನ್ನು ನೋಡಿ, "ಭಾಳ ಹಳೇದೇನ್ರಿ?" ಎಂದು ಕೇಳಿದರು.

"ಜಪಾನದ ಖರೇ ಗಾಡಿರಿ," ಎಂದ ಅಜ್ಜ ಕೀರ್ತಿಯನ್ನು ಕಂಡು ಅಷ್ಟಕ್ಕೇ ನಿಲ್ಲಿಸಿದರು. ಅಜ್ಜಿಯ ಕತ್ತರಿಯೂ ನಿಂತಿತು.

ಕೀರ್ತಿ ಸ್ಕೂಲ್ ಬ್ಯಾಗನ್ನು ಕೆಳಗಿಟ್ಟಳು.

"ಒಂದು ಸ್ಕ್ರೂ ಸುದ್ದಾ ಬದಲಿ ಆಗಿಲ್ರಿ!" ಎಂದಳು ಗಟ್ಟಿಯಾಗಿ.

ಅಜ್ಜಿಯ ಕತ್ತರಿ ಮತ್ತೆ ಬಟ್ಟೆಯ ಮೇಲೆ ಓಡತೊಡಗಿತು.